ನೆಟ್ಟಗೆ ಹೊಡೆದ ಪಿನ್ನುಗಳು

ಫೋನಿನಲ್ಲಿ ಬಂದ ದೂರು ಸಣ್ಣದೇ. “ಪಿಯಾನೋ ಕೀ ಸೊಲ್ಪ ಬಿಗಿ ಅವೆ ಮೇಡಂ. ನಮ್ಮನೆಯೋಳಿಗೆ ಬೆರಳು ನೋವು, ಒತ್ತಾಕೆ ಆಗ್ತಿಲ್ಲ. ಹಗುರ ಮಾಡಿಕೊಡ್ರಿ,” ಎಂದಿತು ಆ ಕಡೆಯ ಗಂಡಸಿನ ದನಿ. ಎಲ್ಲಿಂದ ಎಂದೆ. ಹೊಳಲ್ಕೆರೆ ಎಂದರು.

ನಾನು ನಂಬಲಿಲ್ಲ. ಚಿತ್ರದುರ್ಗದಲ್ಲಿ ಕೂತು ಪಿಯಾನೋ ರಿಪೇರಿ ಮಾಡುತ್ತೇನೆ ಎಂದರೆ ನಗುವವರೇ ಹೆಚ್ಚು. ನನ್ನ ಹೊಟ್ಟೆ ತುಂಬಿಸುವುದು ಭಜನೆ ಮಂಡಳಿಗಳ ಹಾರ್ಮೋನಿಯಂಗಳು. ಆದರೂ ಸುತ್ತಮುತ್ತ ಇರುವ ಬೆರಳೆಣಿಕೆಯ ಪಿಯಾನೋಗಳ ಕೆಮ್ಮು, ನೆಗಡಿ ಎಲ್ಲ ನನಗೆ ಗೊತ್ತು ಎಂಬ ಜಂಬ ನನಗಿತ್ತು. ಹೊಳಲ್ಕೆರೆಯಲ್ಲಿ ನನಗೆ ತಿಳಿಯದ ಪಿಯಾನೋ ಎಲ್ಲಿಂದ ಬರಬೇಕು? ಕರೆಂಟಿನ ಕೀಬೋರ್ಡೇ ಇರಬೇಕು ಎಂದುಕೊಂಡೆ.

“ತಂತಿ ಇರೋದಾ, ಪ್ಲಗ್ ಹಾಕೋದಾ?”

“ತಂತಿ ಇರೋದೇ ಮೇಡಂ. ನಾನೇ ಕಟ್ಟಿದ್ದು.”

“ನೀವಾ? ಏನು ಕೆಲಸ ನಿಮ್ದು?”

“ಲಾರಿ ಬಾಡಿ ಕಟ್ತಿದ್ದೆ, ಹಿರಿಯೂರಲ್ಲಿ. ಈಗ ಬಿಟ್ಟೀನಿ.”

ಫೋನಿಟ್ಟ ಮೇಲೆ ಒಬ್ಬಳೇ ನಕ್ಕೆ. ಮಾರನೆಯ ದಿನ ಚೀಲ ಹೊತ್ತು ಬಸ್ಸು ಹತ್ತಿದ್ದಕ್ಕೆ ಕಾರಣ ಕೆಲಸವಲ್ಲ, ಕುತೂಹಲ.

ಬೇಸಿಗೆ ಆಗತಾನೇ ಕಾಲಿಟ್ಟಿತ್ತು. ಫೋನು ಮಾಡಿದ್ದ ಯಜಮಾನರು ಬಸ್ ಸ್ಟಾಂಡಿಗೇ ಬಂದು ನಿಂತಿದ್ದರು. ಎತ್ತರದ ಆಳು, ಬಿಳಿ ಪಂಚೆ, ಕಿವಿಯ ಮೇಲೆ ಬಡಗಿಯ ಪೆನ್ಸಿಲ್. ಕೆಲಸ ಬಿಟ್ಟರೂ ಪೆನ್ಸಿಲ್ ಬಿಟ್ಟಿರಲಿಲ್ಲ. ನನ್ನ ಚೀಲ ಕಿತ್ತುಕೊಂಡಷ್ಟೇ ವೇಗವಾಗಿ ಕಥೆ ಶುರು ಮಾಡಿದರು. ಅವರದು ಕುರಿ ಸಾಕಿ ಕಂಬಳಿ ನೇಯುವ ಮನೆತನ. ಇವರೊಬ್ಬರು ಮಾತ್ರ ಉಳಿ ಹಿಡಿದು ಹಿರಿಯೂರಿನ ಹೆದ್ದಾರಿ ಪಕ್ಕದ ಶೆಡ್ಡು ಸೇರಿದರು. ಹೆಂಡತಿ ಹೊಸದುರ್ಗದ ಚರ್ಚ್ ಕಾಂಪೌಂಡಿನಲ್ಲಿ ಬೆಳೆದವರು, ಪ್ರೈಮರಿ ಶಾಲೆಯಲ್ಲಿ ಟೀಚರಾಗಿದ್ದವರು.

“ಚಿಕ್ಕೋಳಿದ್ದಾಗ ಅಲ್ಲಿ ಪಿಯಾನೋ ನುಡಿಸ್ತಿದ್ಲಂತೆ. ಮದುವೆ ಆದಾಗ ನಿಂಗೂ ಒಂದು ತಂದುಕೊಡ್ತೀನಿ ಅಂದಿದ್ದೆ. ಸೊಲ್ಪ ಲೇಟಾಯ್ತು.”

“ಎಷ್ಟು ಲೇಟು?”

“ಅವಳು ರಿಟೈರ್ ಆದ್ಮೇಲೆ,” ಎಂದು ನಾಚಿಕೆಯಿಲ್ಲದೆ ನಕ್ಕರು. ಹಿರಿಯೂರಿನ ಗುಜರಿ ಅಂಗಡಿಯಲ್ಲಿ ಗೆದ್ದಲು ತಿಂದು ಬಿದ್ದಿದ್ದ ಹಳೆಯ ಪಿಯಾನೋ ಒಂದು ಅವರ ಕಣ್ಣಿಗೆ ಬಿದ್ದಿತ್ತು. ಅದನ್ನು ಲಾರಿಯಲ್ಲಿ ಮನೆಗೆ ತಂದು, ಎರಡು ವರ್ಷ ಹಿತ್ತಲಲ್ಲಿ ಕೂತು ಪೂರಾ ಹೊಸದಾಗಿ ಕಟ್ಟಿದ್ದರು.

ಆ ಪಿಯಾನೋ ನೋಡಿದ ಕ್ಷಣ ನಾನು ನಗುವುದೋ ಕೈ ಮುಗಿಯುವುದೋ ತಿಳಿಯದೆ ನಿಂತೆ. ಲಾರಿಗೆ ಹೊಡೆಯುವ ಹಸಿರು ಬಣ್ಣ. ಅಂಚಿಗೆಲ್ಲ ಹಳದಿ ಬಳ್ಳಿ, ನಡುವೆ ಎದುರುಬದುರು ಕೂತ ಎರಡು ಗಿಳಿ. ಮುಚ್ಚಳಕ್ಕೆ ಲಾರಿ ಬಾಗಿಲಿನ ಹಿಡಿ. ಹಿಂದಿನ ಹಲಗೆಯನ್ನು ಯಾವುದೋ ಲಾರಿಯ ಹಿಂಬಾಗಿಲಿಂದ ತೆಗೆದಿದ್ದರು. ‘ನಿಧಾನವಾಗಿ ಚಲಿಸಿ’ ಎಂಬ ಅಕ್ಷರಗಳು ಹಾಗೇ ಇದ್ದವು. ಒಳಗೆ ಫೆಲ್ಟ್ ಬಟ್ಟೆ ಇರಬೇಕಾದ ಕಡೆಯೆಲ್ಲ ಅವರವ್ವ ನೇಯ್ದ ಕಂಬಳಿಯ ತುಂಡುಗಳು, ಅಚ್ಚುಕಟ್ಟಾಗಿ ಕತ್ತರಿಸಿ ಅಂಟಿಸಿದ್ದವು. ತಂತಿ ಸುತ್ತಿ ಬಿಗಿಯುವ ಶ್ರುತಿಯ ಮೊಳೆಗಳು ಕೂರುವ ದಪ್ಪ ಹಲಗೆಯನ್ನು ಲಾರಿಯ ಸ್ಪ್ರಿಂಗ್ ಪಟ್ಟಿಗಳ ಹಾಗೆ ತೆಳು ಮರ ಒಂದರ ಮೇಲೊಂದು ಅಡ್ಡಡ್ಡ ಕೂರಿಸಿ ಮಾಡಿದ್ದರು. ಟ್ಯೂನಿಂಗ್ ಕೀ ಹಾಕಿ ಒಂದು ಮೊಳೆ ತಿರುಗಿಸಿ ನೋಡಿದೆ. ಎಂಥ ಬಿಗಿ! ಚರ್ಚುಗಳ ಪಿಯಾನೋಗಳಲ್ಲೂ ಈ ಬಿಗಿ ಸಿಗದೆ ನಾನು ಒದ್ದಾಡಿದ್ದೇನೆ.

“ಹೆಂಗೈತೆ?” ಎಂದರು ಯಜಮಾನರು, ಉತ್ತರ ಮೊದಲೇ ಗೊತ್ತಿರುವವರ ಹಾಗೆ.

“ಭಾಳ ಚೆನ್ನಾಗೈತೆ ಕಣ್ರಿ,” ಎಂದೆ. ಮನಸ್ಸಿನಿಂದಲೇ ಎಂದೆ.

ಟೀಚರಮ್ಮ ಬಾಗಿಲಿಗೆ ಒರಗಿ ನಿಂತಿದ್ದರು. ಸಣ್ಣ ಆಕಾರದ, ಬಿಗಿಯಾಗಿ ಜಡೆ ಹೆಣೆದ, ಕಣ್ಣಲ್ಲೇ ತರಗತಿ ಸುಮ್ಮನಾಗಿಸುವ ಹೆಂಗಸು. ನಾನು ಮೊದಲು ಕೀ ಮುಟ್ಟಿದೆ. ಬೆರಳು ಜಾರಿತು! ಬಿಳಿ ಕೀಗಳ ಮೇಲೆಲ್ಲ ಹರಳೆಣ್ಣೆಯ ಜಿಡ್ಡು. ನನಗೆ ಮೈಯೆಲ್ಲ ಉರಿಯಿತು.

“ಇದೇನ್ರಿ ಇದು, ಪಿಯಾನೋಕ್ಕೆ ಎಣ್ಣೆಸ್ನಾನ ಮಾಡ್ಸೀರಾ?”

“ಅದು ನಾನು,” ಎಂದರು ಯಜಮಾನರು. “ದಿನಾ ಸಂಜೆ ಅವಳ ಬೆರಳಿಗೆ ಹರಳೆಣ್ಣೆ ಹಚ್ಚಿ ತಿಕ್ತೀನಿ. ನೋವು ಭಾಳ ಐತೆ ಪಾಪ.” ಟೀಚರಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದರು.

ಕೀಗಳನ್ನು ಒರೆಸಿ, ಒಂದೊಂದರ ತುದಿಗೂ ತೂಕದ ಬಿಲ್ಲೆ ಇಟ್ಟು ಇಳಿಯುವ ಭಾರ ನೋಡಿದೆ. ಬಿಗಿ ಎಲ್ಲಿದೆ? ಬೆಣ್ಣೆಯ ಹಾಗೆ ಇಳಿಯುತ್ತಿದ್ದವು. ಆಮೇಲೆ ಕೆಳಗಿಂದ ಮೇಲಕ್ಕೆ ಸ್ವರಗಳನ್ನು ಒತ್ತುತ್ತ ಹೋದೆ. ಮಂದ್ರದಲ್ಲಿ ಚೆನ್ನಾಗಿಯೇ ಇತ್ತು. ನಡುವಿನಿಂದ ಮೇಲಕ್ಕೆ ಹೋದಂತೆ ಪ್ರತಿ ಸ್ವರದ ಬಾಲಕ್ಕೂ ಒಂದು ‘ಜುಯ್’ ಅಂಟಿಕೊಂಡಿತ್ತು, ಬಾಟಲಿಯಲ್ಲಿ ಸಿಕ್ಕಿದ ನೊಣದ ಹಾಗೆ. ಶ್ರುತಿ ಕೂರಿಸಿದರೂ ಒಂಟಿ ತಂತಿಯೇ ತನ್ನೊಳಗೆ ಅಲೆಅಲೆಯಾಗಿ ಅಲುಗಾಡುತ್ತಿತ್ತು.

ಟಾರ್ಚ್ ಹಿಡಿದು ಒಳಗೆ ಬಗ್ಗಿದೆ. ಪಿಯಾನೋದಲ್ಲಿ ತಂತಿಗಳ ಹಿಂದೆ ದೊಡ್ಡದೊಂದು ತೆಳು ಹಲಗೆ ಇರುತ್ತದೆ. ನಾದ ಹುಟ್ಟುವುದು ಅದರಲ್ಲಿ. ತಂತಿಯ ನಡುಕವನ್ನು ಆ ಹಲಗೆಗೆ ದಾಟಿಸಲು ಅದರ ಮೇಲೆ ಉದ್ದನೆಯ ಮರದ ದಿಂಡು ಕೂರಿಸಿರುತ್ತಾರೆ. ಅದಕ್ಕೆ ಬ್ರಿಡ್ಜ್ ಎನ್ನುತ್ತೇವೆ. ಬ್ರಿಡ್ಜಿನ ಮೇಲೆ ಪ್ರತಿ ತಂತಿಗೂ ಎರಡು ಗಿಡ್ಡ ಪಿನ್ನು, ಈ ಅಂಚಿಗೊಂದು, ಆ ಅಂಚಿಗೊಂದು. ಅವನ್ನು ಒಂದಕ್ಕೊಂದು ಎದುರಾಗಿ ಓರೆ ಹೊಡೆಯಬೇಕು. ತಂತಿ ಒಂದರ ಎಡಕ್ಕೆ ಒತ್ತಿ, ಇನ್ನೊಂದರ ಬಲಕ್ಕೆ ಒತ್ತಿ, ಸೊಟ್ಟಗೆ ಹಾದು ಹೋಗಬೇಕು. ಆ ಸೊಟ್ಟದಲ್ಲೇ ಇರುವುದು ಹಿಡಿತ.

ಇಲ್ಲಿ ಪಿನ್ನುಗಳು ನೆಟ್ಟಗಿದ್ದವು. ಎಂಥ ನೆಟ್ಟಗೆ ಅಂತೀರಿ! ದಾರ ಹಿಡಿದು ನೋಡಿದರೂ ಕೂದಲೆಳೆಯಷ್ಟು ಆಚೀಚೆ ಇಲ್ಲ. ತಂತಿಗಳು ಬ್ರಿಡ್ಜಿನ ಮೇಲೆ ಆರಾಮಾಗಿ ಮಲಗಿದ್ದವು, ಯಾವುದನ್ನೂ ಯಾವುದೂ ಹಿಡಿದಿರಲಿಲ್ಲ.

“ಈ ಪಿನ್ನು—” ಎಂದು ನಾನು ತಲೆ ಎತ್ತುವಷ್ಟರಲ್ಲಿ ಟೀಚರಮ್ಮ ನನ್ನ ತೋಳು ಚಿವುಟಿದರು. ನಿಜವಾಗಿ ಚಿವುಟಿದರು.

“ಪಿನ್ನು ನೋಡಿದ್ರಾ?” ಯಜಮಾನರ ಮುಖ ಅರಳಿತು. “ಹಳೇದರಲ್ಲಿ ಎಲ್ಲ ಸೊಟ್ಟಪಟ್ಟ ಆಗಿದ್ವು ಮೇಡಂ. ಒಂದು ಈ ಕಡೆ, ಒಂದು ಆ ಕಡೆ. ಮರಾನೂ ಬಿರುಕು ಬಿಟ್ಟಿತ್ತು. ಹಳೇ ಗಾಡಿಗಾಲಿಯ ಕರಿಜಾಲಿ ಮರ ಹಾಕಿ, ಎಲ್ಲಾನೂ ನೆಟ್ಟಗೆ ಹೊಡ್ದೆ. ಅದಕ್ಕೇ ಮೂರು ತಿಂಗಳು ಹಿಡೀತು.”

“ರೀ, ಮೇಡಂಗೆ ಮಂಡಕ್ಕಿ, ಮೆಣಸಿನಕಾಯಿ ತರಬಾರದಾ? ಬಸ್ಸಲ್ಲಿ ಬಂದವ್ರೆ,” ಎಂದರು ಟೀಚರಮ್ಮ. ಯಜಮಾನರು ಚಪ್ಪಲಿ ಮೆಟ್ಟಿ ಹೊರಟರು.

ಗೇಟು ಮುಚ್ಚಿದ ಸದ್ದಾದ ಕೂಡಲೇ ಟೀಚರಮ್ಮ ನನ್ನ ಪಕ್ಕ ಕುಳಿತು ಹತ್ತೂ ಬೆರಳು ಚಾಚಿ ತೋರಿಸಿದರು. “ನನ್ನ ಬೆರಳಿಗೆ ಏನೂ ಆಗಿಲ್ಲ ಕಣಮ್ಮ. ಕಲ್ಲಿನ ಹಂಗೆ ಅವೆ.”

“ಮತ್ತೆ?”

“ಈ ಜುಯ್ ಅನ್ನೋದು ತಡೆಯಾಕೆ ಆಗಲ್ಲ ನಂಗೆ. ಒಂದು ಸಾಲು ನುಡಿಸಿದ್ರೆ ತಲೆ ಚಿಟ್ಟು ಹಿಡೀತೈತೆ. ಹೆಂಗ್ ಹೇಳ್ಲಿ ಅವ್ರಿಗೆ? ಎರಡು ವರ್ಷ ಇದರ ಮುಂದೆ ಕುಂತ್ರು. ಮೊದಲ್ನೇ ದಿನ ನಾನು ನುಡಿಸಿದಾಗ ಅತ್ತುಬಿಟ್ರು. ಬೆರಳು ನೋವು ಅಂದ್ಬಿಟ್ಟೆ. ಅವತ್ತಿಂದ ನುಡಿಸಿಲ್ಲ, ಎಣ್ಣೆ ಹಚ್ಚಿದ್ಮೇಲೆ ಒತ್ತಿ ನೋಡು ಅಂತಾರೆ, ನಾಕು ಕೀ ಒತ್ತಿ ಎದ್ದುಬಿಡ್ತೀನಿ.”

“ಒಳ್ಳೇ ನಾಟಕ ಕಣ್ರಿ ನಿಮ್ದು!” ಎಂದೆ, ಸ್ವಲ್ಪ ಜೋರಾಗಿಯೇ. “ಆಯಪ್ಪ ನಿಜ ಅಂತ ದಿನಾ ಎಣ್ಣೆ ತಿಕ್ತಾ ಕೂತವ್ರೆ.”

ಅವರು ಕಿಟಕಿಯ ಕಡೆ ನೋಡುತ್ತ, “ಅದೂ ಒಂದೈತೆ,” ಎಂದರು. “ಮದುವೆ ಆದಾಗಿಂದ ಅವರು ಶೆಡ್ಡು, ನಾನು ಶಾಲೆ. ಹಬ್ಬಕ್ಕೆ ಬಂದ್ರೂ ಮುಖ ತೊಳಕಂಡು ಹೋಗೋರು. ಈಗ ಸಂಜೆ ಆತು ಅಂದ್ರೆ ನನ್ನ ಕೈ ಹಿಡ್ಕಂಡು ಅರ್ಧ ಗಂಟೆ ಕುಂತಿರ್ತಾರೆ. ನಿಜ ಹೇಳಿದ್ರೆ ಅದೂ ನಿಲ್ತೈತೆ.” ಹೇಳಿ ತಮ್ಮ ಮಾತಿಗೆ ತಾವೇ ನಾಚಿ ಎದ್ದು ಒಳಗೆ ಹೋದರು.

ನನ್ನ ಕೋಪ ಎಲ್ಲಿ ಹೋಯಿತೋ. ಮಂಡಕ್ಕಿ ತಿನ್ನುವಾಗ ಯಜಮಾನರು ‘ಕೀ ಹಗುರ ಆಗ್ತಾವಾ’ ಎಂದು ಕೇಳಿದರೆ, ಆಗ್ತಾವೆ ಎಂದುಬಿಟ್ಟೆ.

ಅವತ್ತು ಕೈಗೆ ಎಟಕುವ ಮದ್ದೊಂದನ್ನು ಪ್ರಯೋಗಿಸಿದೆ. ಹಿತ್ತಾಳೆಯ ಕಡ್ಡಿಯಿಂದ ಪ್ರತಿ ತಂತಿಯನ್ನೂ ಬ್ರಿಡ್ಜಿನ ಮೇಲೆ ಮೆಲ್ಲಗೆ ತಟ್ಟಿ ಕೂರಿಸುವುದು. ತಂತಿ ಮರಕ್ಕೆ ತಾಗಿದ ಕೂಡಲೇ ಜುಯ್ ಅಡಗುತ್ತದೆ. ಅಡಗಿತು ಕೂಡ. ಟೀಚರಮ್ಮನ ಕಣ್ಣು ಹೊಳೆದವು. ನಾನು ಗೆದ್ದೆ ಎಂದುಕೊಂಡು ಬಸ್ಸು ಹತ್ತಿದೆ. ವಾರ ಕಳೆಯುವ ಮೊದಲೇ ಟೀಚರಮ್ಮ ಪಕ್ಕದ ಮನೆಯಿಂದ ಫೋನು ಮಾಡಿ, “ಬಂತು ಕಣಮ್ಮ ವಾಪಸ್ಸು,” ಎಂದರು. ಬರದೆ ಏನು? ಹಿಡಿಯುವ ಓರೆಯೇ ಇಲ್ಲದ ಮೇಲೆ ತಂತಿ ಎಷ್ಟು ದಿನ ಕೂತೀತು? ಪಿನ್ನಿನ ಬುಡಕ್ಕೆ ತೆಳು ಅಂಟು ಬಿಟ್ಟು ನೋಡಲು ಇನ್ನೊಂದು ಸಲ ಹೋದೆ. ಅದೂ ಉಪಯೋಗಕ್ಕೆ ಬರಲಿಲ್ಲ. ಪಿನ್ನುಗಳು ಸಡಿಲವಾಗಿದ್ದರಲ್ಲವೇ ಅಂಟು ಬೇಕಾಗುವುದು. ಅವರ ಪಿನ್ನುಗಳು ಬಂಡೆಗೆ ಬಡಿದ ಗೂಟದ ಹಾಗಿದ್ದವು.

ಉಳಿದದ್ದು ಒಂದೇ ದಾರಿ. ಪಿನ್ನುಗಳನ್ನೆಲ್ಲ ಕಿತ್ತು, ತೂತು ಮುಚ್ಚಿ, ಓರೆಯಾಗಿ ಹೊಸ ತೂತು ಕೊರೆದು ಮತ್ತೆ ಹೊಡೆಯುವುದು. ಪೂರಾ ಮೇಲಿನ ಭಾಗದಲ್ಲಿ. ಇದನ್ನು ಕದ್ದು ಮಾಡುವುದು ಹೇಗೆ? ನಾನು ಕೆಲಸ ಮಾಡುವಷ್ಟು ಹೊತ್ತೂ ಯಜಮಾನರು ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತು ಟಾರ್ಚ್ ಹಿಡಿಯುತ್ತಿದ್ದರು. ಟೀಚರಮ್ಮನೇ ಉಪಾಯ ಹೂಡಿದರು. ಹಿರಿಯೂರಿನಲ್ಲಿ ಯಜಮಾನರ ಶೆಡ್ಡಿನ ಹಳೆಯ ಜೊತೆಗಾರ ಹುಷಾರಿಲ್ಲದೆ ಮಲಗಿದ್ದ. ನೋಡಿ ಬರಲು ಗಂಡನನ್ನು ಬೆಳಗಿನ ಬಸ್ಸಿಗೆ ಹತ್ತಿಸಿ ನನಗೆ ಹೇಳಿ ಕಳಿಸಿದರು. ಒಂದು ದಿನದಲ್ಲಿ ಒಂದು ತುಂಡನ್ನಾದರೂ ಮುಗಿಸುವುದು, ಆಮೇಲೆ ಮತ್ತೊಂದು ನೆಪ ಹುಡುಕುವುದು. ನಾವಿಬ್ಬರೂ ಸೇರಿ ಹೂಡಿದ ಈ ಉಪಾಯವನ್ನು ನೆನೆದರೆ ಈಗಲೂ ನಗು ಬರುತ್ತದೆ.

ತಂತಿಗೆ ಬಡಿಯುವ ಸುತ್ತಿಗೆಗಳ ಚೌಕಟ್ಟನ್ನು ಹೊರಗೆ ಎತ್ತಿಟ್ಟೆ. ತಂತಿಗಳನ್ನು ಒಮ್ಮೆಲೇ ಸಡಿಲಿಸುವ ಹಾಗಿಲ್ಲ. ಅಷ್ಟೂ ಎಳೆತ ಹೊತ್ತು ನಿಂತ ಎರಕದ ಕಬ್ಬಿಣದ ಚೌಕಟ್ಟು ಒಂದೇ ಕಡೆ ಹಗುರಾದರೆ ಬಿರಿಯಬಹುದು. ಎಲ್ಲ ಕಡೆಯಿಂದಲೂ ಸ್ವಲ್ಪ ಸ್ವಲ್ಪ ಇಳಿಸುತ್ತ ಬಂದು, ಮೇಲಿನ ತುಂಡಿನ ತಂತಿಗಳನ್ನು ಪಕ್ಕಕ್ಕೆ ಸರಿಸಿದೆ. ಪಿನ್ನು ಕೀಳಲು ಹೋದರೆ ಇಕ್ಕಳವೇ ಜಾರಿತು. ಕರಿಜಾಲಿ ಎಂದರೆ ಗಾಡಿಯ ಭಾರ ಹೊತ್ತು ಕಲ್ಲುದಾರಿ ತುಳಿದ ಮರ, ಹಿಡಿದದ್ದನ್ನು ಬಿಡುವ ಜಾತಿಯಲ್ಲ. ಬೆವರು ಸುರಿಸಿ ಒಂದು ಸಾಲು ಕಿತ್ತೆ. ತೂತಿನ ಪಕ್ಕ ಓರೆಯಾಗಿ ಕೊರೆಯಲು ಡ್ರಿಲ್ ಇಟ್ಟೆ. ತುದಿಯ ಕೊರೆಕಡ್ಡಿ, ಅಂದರೆ ‘ಬಿಟ್ಟು’, ಜಾರಿ ಹಳೆಯ ತೂತಿಗೇ ಇಳಿಯಿತು. ಮತ್ತೆ ಇಟ್ಟೆ, ಮತ್ತೆ ಜಾರಿತು. ಮೂರನೆಯ ಸಲ ಬಿಟ್ಟು ಟಣ್ಣೆಂದು ಮುರಿಯಿತು.

“ಥೂ ನಿನ್ನ!” ಎಂದು ನಾನು ಮರಕ್ಕೆ ಬೈಯುತ್ತಿರುವಾಗ ಬಾಗಿಲಲ್ಲಿ ನೆರಳು ಬಿತ್ತು.

ಯಜಮಾನರು ಮರಳಿ ಬಂದಿದ್ದರು. ಜೊತೆಗಾರ ಚೇತರಿಸಿಕೊಂಡು ತುರುವನೂರಿನ ಮಗಳ ಮನೆಗೆ ಹೋಗಿದ್ದನಂತೆ. ಇವರು ಬಂದ ಬಸ್ಸಿಗೇ ತಿರುಗಿ ಹೊರಟಿದ್ದರು. ಚಪ್ಪಲಿ ಬಿಡುವುದನ್ನೂ ಮರೆತು ಒಳಗೆ ಬಂದು, ತಟ್ಟೆಯಲ್ಲಿ ರಾಶಿ ಬಿದ್ದಿದ್ದ ಪಿನ್ನುಗಳನ್ನು ನೋಡಿದರು. ಒಂದನ್ನು ಎತ್ತಿ ಬೆಳಕಿಗೆ ಹಿಡಿದರು.

“ಯಾಕೆ ಕಿತ್ರಿ ಮೇಡಂ?” ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ನನಗೆ ಕಷ್ಟವಾಯಿತು.

“ತುಕ್ಕು ಹಿಡಿದಿತ್ತಂತೆ, ಒರೆಸಾಕೆ...” ಎಂದು ಟೀಚರಮ್ಮ ಹೇಳತೊಡಗಿದರು.

“ತುಕ್ಕೆಲ್ಲೈತೆ? ಪಳಪಳ ಅಂತೈತೆ.”

ಟೀಚರಮ್ಮ ನನ್ನನ್ನು ನೋಡಿದರು. ಇನ್ನೊಂದು ಸುಳ್ಳು ಹೇಳು ಎಂದು ಆ ಕಣ್ಣು ಬೇಡುತ್ತಿತ್ತು. ಹೇಳಲು ಸುಳ್ಳುಗಳಿಗೇನು ಬರ. ಆದರೆ ಈ ಮನುಷ್ಯ ಕೈಯಲ್ಲಿ ಮಾಡಿದ ಕೆಲಸವನ್ನು ನಾನು ಅವರ ಬೆನ್ನ ಹಿಂದೆ ಕೀಳುತ್ತಿದ್ದೆ. ನಾಳೆ ನಾನು ಮಾಡಿದ್ದನ್ನು ಯಾರಾದರೂ ಹೀಗೆ ನನಗೆ ಹೇಳದೆ ಕಿತ್ತರೆ ನಾನು ಅವರ ಮುಖ ನೋಡುತ್ತಿದ್ದೆನೇ? ಸಾಕು ಎನ್ನಿಸಿತು. ಚಿವುಟಿದರೆ ಚಿವುಟಲಿ ಎಂದು ಟೀಚರಮ್ಮನಿಂದ ಒಂದು ಹೆಜ್ಜೆ ದೂರ ನಿಂತೆ.

“ಕುಂತ್ಕಳ್ರಿ ಯಜಮಾನರೇ. ಒಂದು ಮಾತು ಕೇಳ್ತೀನಿ. ಲಾರಿ ಮೇಲೆ ಹುಲ್ಲು ಲೋಡ್ ಆದ್ಮೇಲೆ ಹಗ್ಗ ಹೆಂಗೆ ಬಿಗೀತಾರೆ?”

“ಕತ್ತರಿ ಹಾಕ್ತಾರೆ. ಈ ಕೊಕ್ಕೆಯಿಂದ ಆ ಕಡೆ ಕೊಕ್ಕೆಗೆ, ಅಡ್ಡ.”

“ಕೊಕ್ಕೆ ನೆಟ್ಟಗಿರ್ತಾವಾ?”

“ಎಲ್ಲಾದ್ರೂ ಉಂಟಾ? ಬಾಗಿರ್ಬೇಕು. ಇಲ್ಲಾಂದ್ರೆ ಹಗ್ಗ ಮೇಲಕ್ಕೆ ಕಿತ್ಕಂತೈತೆ.”

“ಅಡ್ಡ ಹಾಕ್ದೆ, ಹಗ್ಗ ನೆಟ್ಟಗೆ ಎಳೆದ್ರೆ?”

“ಮೊದಲ್ನೇ ತಿರುವಲ್ಲೇ ಲೋಡು ಅಲ್ಲಾಡಾಕೆ...” ಎಂದವರು ಮಾತು ನಿಲ್ಲಿಸಿದರು. ಕೈಯಲ್ಲಿದ್ದ ಪಿನ್ನನ್ನು ನೋಡಿದರು. ಬ್ರಿಡ್ಜ್ ನೋಡಿದರು. ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಮತ್ತೆ ಅಲ್ಲೇ ಇಟ್ಟರು.

“ಹಂಗಾದ್ರೆ ಆ ಹಳೇವು ಸೊಟ್ಟ ಆಗಿದ್ದಲ್ಲ.”

“ಅಲ್ಲ. ಸೊಟ್ಟ ಹೊಡೆದಿದ್ದು.”

“ಅದಕ್ಕೇ ಜುಯ್ ಅನ್ನೋದು?”

“ಅದಕ್ಕೇ.”

“ನಾನು ಪಿಯಾನೋ ಅಂದ್ರೆ ಹಂಗೇ ಅನ್ನತೈತೆ ಅಂದ್ಕಂಡಿದ್ದೆ. ನಮ್ಮೂರ ಭಜನೆ ತಂಬೂರಿನೂ ಹಂಗೇ ಅಂತೈತಲ್ಲ. ಬೇರೆ ಪಿಯಾನೋ ನಾನೆಲ್ಲಿ ಕೇಳೀನಿ?” ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು. “ನೀನು ಕೇಳಿದ್ದೆ. ನಿಂಗೆ ಗೊತ್ತಿತ್ತು.”

ಟೀಚರಮ್ಮ ತಲೆ ಆಡಿಸಿದರು.

“ಮತ್ತೆ ಬೆರಳು?”

“ಬೆರಳಿಗೆ ಏನೂ ಇಲ್ಲ ಕಣ್ರಿ,” ಎಂದರು, ಕೇಳಿಸಿಯೂ ಕೇಳಿಸದಷ್ಟು ಮೆಲ್ಲಗೆ.

ಯಜಮಾನರು ಎದ್ದರು. ಹಿತ್ತಲ ಬಾಗಿಲು ತೆರೆದು ಹೊರಗೆ ಹೋದರು. ಟೀಚರಮ್ಮ ಅಳುತ್ತ ನನ್ನ ಮೇಲೆ ಹರಿಹಾಯ್ದರು: “ಬಾಯಿಗೆ ಬೀಗ ಇಲ್ವಾ ನಿಂಗೆ? ಏನ್ ಮಾಡ್ಬಿಟ್ಟೆ ನೋಡು!” ನಾನು ತಟ್ಟೆಯ ಪಿನ್ನುಗಳನ್ನು ನೋಡುತ್ತ, ಸುಮ್ಮನೆ ಹಾರ್ಮೋನಿಯಂ ನೋಡಿಕೊಂಡು ಇರಬಾರದಿತ್ತೇ ಎಂದು ನನ್ನನ್ನೇ ಬೈದುಕೊಂಡೆ. ಹೊರಗೆ ಎಲ್ಲೋ ಗರಗಸದ ಸದ್ದು ಕೇಳತೊಡಗಿತು.

ಟೀಚರಮ್ಮ ಅಳು ನಿಲ್ಲಿಸಿ ಕಿವಿಗೊಟ್ಟರು. ನಾನೂ.

ಸ್ವಲ್ಪ ಹೊತ್ತಿನ ಮೇಲೆ ಅವರು ಒಳಗೆ ಬಂದರು. ಮೈಯೆಲ್ಲ ಮರದ ಪುಡಿ. ಒಂದು ಕೈಯಲ್ಲಿ ಡ್ರಿಲ್ಲು, ಇನ್ನೊಂದರಲ್ಲಿ ಬೆಣೆಯ ಹಾಗೆ ಓರೆ ಕುಯ್ದ ಒಂದು ಮರದ ತುಂಡು, ಅದರ ನಡುವೆ ಒಂದು ತೂತು. “ಇದನ್ನ ಒತ್ತಿ ಹಿಡಿದ್ರೆ ಬಿಟ್ಟು ಜಾರಲ್ಲ. ಓರೆ ಇಷ್ಟು ಸಾಕಾ, ಇನ್ನೂ ಬೇಕಾ?”

“ಇನ್ನೊಂಚೂರು ಬೇಕು,” ಎಂದೆ.

ಅವರು ಹೆಂಡತಿಯ ಮುಂದೆ ನಿಂತು ಆಕೆಯ ಎರಡೂ ಕೈ ಎತ್ತಿ ಹಿಂದೆ ಮುಂದೆ ಮಾಡಿ ನೋಡಿದರು. “ಲೇ, ಬೆರಳು ನಿಜವಾಗ್ಲೂ ಚೆನ್ನಾಗವಾ?”

“ಚೆನ್ನಾಗವೆ.”

“ಎಲ್ಲಾವೂ?”

“ಎಲ್ಲಾವೂ ರೀ.”

“ಅಷ್ಟು ಸಾಕು ಬಿಡು. ಪಿನ್ನು ಹೋದ್ರೆ ಬೇರೆ ಹೊಡೀಬೋದು,” ಎಂದು ಮೂಗು ಒರೆಸಿಕೊಂಡರು. “ನಾನು ಹೊಸದುರ್ಗದ ಡಾಕ್ಟರ ಹತ್ರ ಒಬ್ನೇ ಹೋಗಿ ಕೇಳಿದ್ದೆ. ವಯಸ್ಸಾದ್ಮೇಲೆ ಬೆರಳು ಸೊಟ್ಟ ಆಗ್ತಾವೆ, ಆಮೇಲೆ ಮುಷ್ಟಿ ಕಟ್ಟಾಕೂ ಆಗಲ್ಲ ಅಂದ್ರು. ನಿದ್ದೆ ಹತ್ತಿರ್ಲಿಲ್ಲ ಕಣೇ ನಂಗೆ.”

ಅವತ್ತು ಟೀಚರಮ್ಮ ಅತ್ತದ್ದು ಬೇರೆ ತರಹದ ಅಳು. ನಾನು ಡ್ರಿಲ್ಲಿಗೆ ಹೊಸ ಬಿಟ್ಟು ಹಾಕುವ ನೆಪದಲ್ಲಿ ಮುಖ ಆ ಕಡೆ ಮಾಡಿದೆ.

ಅಲ್ಲಿಂದ ಮುಂದಿನದು ಶುದ್ಧ ಕೆಲಸ. ಯಜಮಾನರು ಅದೇ ಗಾಡಿಗಾಲಿಯ ಉಳಿದ ಮರದಿಂದ ಕಡ್ಡಿಗಳನ್ನು ತಿರುವಿ ಕೊಟ್ಟರು. ಹಳೆಯ ತೂತುಗಳಿಗೆ ಅವನ್ನು ಅಂಟು ಹಚ್ಚಿ ಬಡಿದು, ಒಣಗಲು ಬಿಟ್ಟು, ಮೇಲೆ ಸಮ ಮಾಡಿದೆವು. ಬ್ರಿಡ್ಜಿನ ಎರಡೂ ಅಂಚಿಗೆ ನಾನು ಉಳಿಯಿಂದ ಕಚ್ಚು ಹಾಕಿದೆ. ತಂತಿ ಮರವನ್ನು ಬಿಡುವ ಜಾಗ ಮತ್ತು ಪಿನ್ನಿನ ಜಾಗ ಒಂದೇ ಗೆರೆಯಲ್ಲಿ ಇರಬೇಕು, ಆಗಲೇ ಸ್ವರ ಚೊಕ್ಕ. ತಂತಿ ತೊಡಕದೆ ಜಾರಲು ಮರದ ಮೇಲೆ ಪೆನ್ಸಿಲ್ ಸೀಸ ತಿಕ್ಕಬೇಕು ಎಂದಾಗ ಯಜಮಾನರು ಕಿವಿಯ ಮೇಲಿನದನ್ನೇ ತೆಗೆದು ಕೊಟ್ಟರು. ಬೆಣೆ ಒತ್ತಿ ಹಿಡಿಯುವುದು ಅವರು, ಕೊರೆಯುವುದು ನಾನು. ಒಂದು ತೂತು ಎಡಕ್ಕೆ, ಒಂದು ಬಲಕ್ಕೆ. “ಸೊಟ್ಟ ಹೊಡೆಯಾಕೂ ಲೆಕ್ಕ ಬೇಕಲ್ಲ ಮೇಡಂ, ನೆಟ್ಟಗೆ ಹೊಡೆಯೋದೇ ಸುಲಭ,” ಎಂದು ಅವರು ಗೊಣಗುತ್ತಿದ್ದರು.

ಎಲ್ಲ ಸಲೀಸಾಗಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಮೇಲಿನ ತುದಿಯಲ್ಲಿ, ಪಿನ್ನುಗಳು ತೀರಾ ಒತ್ತಾಗಿರುವ ಕಡೆ, ಸುತ್ತಿಗೆ ಬಿದ್ದ ಕೂಡಲೇ ಮರ ಚಟ್ಟೆಂದು ಸೀಳಿತು. ಹೊಸ ತೂತಿಗೂ ಹಳೆಯ ಕಡ್ಡಿಗೂ ನಡುವೆ ಉಳಿದಿದ್ದ ಮರ ಅಷ್ಟು ತೆಳು. ನಾನು ತಲೆ ಮೇಲೆ ಕೈ ಹೊತ್ತು ಕೂತೆ. ಬೆಂಗಳೂರಿನಿಂದ ಬೀಚ್ ಎಂಬ ವಿದೇಶಿ ಮರದ ಸಿದ್ಧ ಬ್ರಿಡ್ಜ್ ತರಿಸಿ ಪೂರಾ ಬದಲಿಸುವುದೇ ಬುದ್ಧಿವಂತಿಕೆ ಎನ್ನಿಸಿತು, ಬಾಯಿ ಬಿಟ್ಟು ಹೇಳಿಯೂ ಹೇಳಿದೆ.

ಈ ಸಲ ಬೇಡ ಎಂದವರು ಟೀಚರಮ್ಮ. “ಬೆಂಗಳೂರಿನ ಮರ ಯಾಕೆ? ಅವರದೇ ಮರ ಇರ್ಲಿ. ಪಿನ್ನು ಮಾತ್ರ ನಿಂದು ಇರ್ಲಿ.”

ಸೀಳಿದ ತುಂಡನ್ನಷ್ಟೇ ಕುಯ್ದು ತೆಗೆದೆವು. ಯಜಮಾನರು ಕರಿಜಾಲಿಯ ಇನ್ನೊಂದು ತುಂಡನ್ನು ಎಷ್ಟು ನಯವಾಗಿ ಕೂಡಿಸಿದರೆಂದರೆ, ಬೆರಳಾಡಿಸಿದರೂ ಕೂಡುಗೆರೆ ತಾಗಲಿಲ್ಲ. ಅದಕ್ಕೆ ಹಳೆಯ ತೂತುಗಳ ಕಾಟವೂ ಇರಲಿಲ್ಲ, ಮೊದಲ ಏಟಿಗೇ ಪಿನ್ನು ಓರೆಯಾಗಿ ಇಳಿಯಿತು. ತಂತಿಗಳನ್ನು ಒಂದೊಂದಾಗಿ ಎಡ ಒತ್ತಿ, ಬಲ ಒತ್ತಿ ಹಾಯಿಸಿ, ಎಳೆತವನ್ನು ಇಳಿಸಿದ ಹಾಗೆಯೇ ಸ್ವಲ್ಪಸ್ವಲ್ಪವಾಗಿ ಏರಿಸಿದೆ. ಹೊಸದಾಗಿ ಬಾಗಿದ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಏರಿಸು, ಬಿಡು, ಮತ್ತೆ ಏರಿಸು. ನಾನು ಮತ್ತೆ ಮತ್ತೆ ಬಸ್ಸು ಹತ್ತಿದೆ. ಕೊನೆಯ ಸಲ ಹೋದಾಗ ಮೊದಲ ಮಳೆ ಬಿದ್ದು ಮನೆಯ ಮುಂದೆ ಕೆಸರಾಗಿತ್ತು.

ಶ್ರುತಿ ಮುಗಿಸಿ ಎದ್ದು, “ಕುಂತ್ಕಳ್ರಿ ಟೀಚರಮ್ಮ,” ಎಂದೆ.

ಅವರು ಸೆರಗಿನಿಂದ ಕೈ ಒರೆಸಿಕೊಂಡು ಕೂತರು. ಚಿಕ್ಕಂದಿನಲ್ಲಿ ಕಲಿತಿದ್ದ ಪ್ರಾರ್ಥನೆಯ ರಾಗವೊಂದನ್ನು ಒಂದೇ ಕೈಯಲ್ಲಿ ಶುರು ಮಾಡಿದರು. ಮೇಲಿನ ಸ್ವರಗಳಿಗೆ ಬಂದಾಗ ಬೆರಳು ಒಂದು ಕ್ಷಣ ಹಿಂಜರಿಯಿತು. ಆಮೇಲೆ ಒತ್ತಿದರು. ಸ್ವರ ಎದ್ದು, ನಿಂತು, ತಾನಾಗಿಯೇ ಕರಗಿತು. ನೊಣ ಇರಲಿಲ್ಲ. ಎರಡನೆಯ ಕೈಯೂ ಸೇರಿತು. ಆ ಹಸಿರು ಲಾರಿಯಿಂದ, ಗಿಳಿಗಳ ಹಿಂದಿನಿಂದ ಅಂಥ ನಾದ ಬರುತ್ತದೆಂದು ನಾನೇ ಎಣಿಸಿರಲಿಲ್ಲ. ಕಂಬಳಿಯಿಂದಲೋ ಕರಿಜಾಲಿಯಿಂದಲೋ, ಅದಕ್ಕೊಂದು ಬೆಚ್ಚನೆಯ ಗುಣ ಬಂದಿತ್ತು.

ಯಜಮಾನರು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದರು. “ಇದಾ ಪಿಯಾನೋ ಅಂದ್ರೆ?” ಎಂದರು ನನ್ನ ಕಿವಿಯಲ್ಲಿ. “ಇದನ್ನಾ ಇವಳು ಇಷ್ಟು ವರ್ಷ ಬಿಟ್ಟಿದ್ದು?”

ಟೀಚರಮ್ಮ ನಿಲ್ಲಿಸಲೇ ಇಲ್ಲ. ಒಂದಾದ ಮೇಲೊಂದು, ಮರೆತಿದ್ದೆಲ್ಲ ನೆನಪಾಗುವ ತನಕ ನುಡಿಸಿದರು. ಕಡೆಗೆ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಬೆರಳುಗಳನ್ನೇ ನೋಡುತ್ತಿದ್ದರು. ಆಗ ನನಗೆ ಅವರು ಮೊದಲ ದಿನ ಹೇಳಿದ ‘ನಿಜ ಹೇಳಿದ್ರೆ ಅದೂ ನಿಲ್ತೈತೆ’ ಎಂಬ ಮಾತು ನೆನಪಾಯಿತು. ಬೆರಳು ಚೆನ್ನಾಗಿರುವುದು ಈಗ ಮನೆಗೆಲ್ಲ ಗೊತ್ತಾಗಿತ್ತು.

ಯಜಮಾನರು ಒಳಗೆ ಹೋಗಿ ಹರಳೆಣ್ಣೆಯ ಬಾಟಲಿ ತಂದರು. ಹೆಂಡತಿಯ ಎದುರು ಮಣೆ ಎಳೆದುಕೊಂಡು ಕೂತು ಕೈ ಚಾಚಿದರು.

ನನ್ನ ಬಾಯಿ ಸುಮ್ಮನಿರಬೇಕಲ್ಲ. “ಈಗ್ಯಾಕ್ರಿ ಎಣ್ಣೆ? ಬೆರಳಿಗೆ ಏನೂ ಇಲ್ಲ ಅಂತ ಗೊತ್ತಾಯ್ತಲ್ಲ!”

“ಇಷ್ಟೊತ್ತು ನುಡಿಸಿದ್ಲಲ್ಲ ಮೇಡಂ,” ಎಂದರು ಅವರು, ನನ್ನ ಕಡೆ ನೋಡದೆ. “ಈಗ ನೋಯ್ತಿರ್ತಾವೆ.”

ಟೀಚರಮ್ಮ ನನ್ನನ್ನು ನೋಡಲಿಲ್ಲ. ಮೆಲ್ಲಗೆ ಕೈ ಮುಂದೆ ಮಾಡಿ, “ಹೂಂ. ಭಾಳ ನೋಯ್ತಾವೆ,” ಎಂದರು.

ನಾನು ಚೀಲ ಎತ್ತಿಕೊಂಡು ಬಸ್ಸಿಗೆ ಹೊರಟೆ. ಈಗಲೂ ಶ್ರುತಿ ಮಾಡಲು ಹೊಳಲ್ಕೆರೆಗೆ ಹೋಗುತ್ತೇನೆ. ಹೋದ ಕೂಡಲೇ ಮುಚ್ಚಳ ತೆಗೆದು, ಚೀಲದಿಂದ ಬಟ್ಟೆ ತೆಗೆದು, ಕೀಗಳ ಮೇಲಿನ ಎಣ್ಣೆಯನ್ನು ಮೊದಲು ಒರೆಸುತ್ತೇನೆ. ಬೈಯುವುದನ್ನು ಬಿಟ್ಟಿದ್ದೇನೆ.